ಷರಾ ಕಾಲಂನ ಗೆರೆ

ನನ್ನ ಗಂಡ ಯಾವ ಕಾಗದದಲ್ಲೂ ಖಾಲಿ ಜಾಗ ಬಿಡುತ್ತಿರಲಿಲ್ಲ. ಬರೆದು ಮುಗಿದ ಮೇಲೆ ಉಳಿದ ಬಿಳಿಯ ಮೇಲೆ, ಬಲಗಡೆಯ ಮೇಲಿನ ಮೂಲೆಯಿಂದ ಎಡಗಡೆಯ ಕೆಳಗಿನ ಮೂಲೆಗೆ, ಒಂದು ಓರೆಗೆರೆ ಎಳೆಯುತ್ತಿದ್ದರು. ಕೊನೆಯಲ್ಲಿ ಪೆನ್ನು ಎತ್ತುವಾಗ ಗೆರೆಗೊಂದು ಸಣ್ಣ ಕೊಕ್ಕೆ ಬೀಳುತ್ತಿತ್ತು. ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರಾಗಿದ್ದವರಿಗೆ ಅದು ಕೈಗೆ ಅಂಟಿದ ರೂಢಿ. ದಿನಸಿ ಅಂಗಡಿಗೆ ಬರೆದುಕೊಡುವ ಚೀಟಿಯಲ್ಲೂ, ಕೊನೆಯ ಸಾಮಾನಿನ ಕೆಳಗೆ, ಆ ಗೆರೆ ಇರುತ್ತಿತ್ತು.

"ಇದೇನೋ ಮೌಳಿ, ಟ್ರೆಜರಿಗೆ ಹೋಗೋ ಕಾಗದಾನಾ?" ಎಂದು ಅತ್ತೆ ನಗುತ್ತಿದ್ದರು. "ಅಂಗಡಿಯವನೇ ಒಂದು ಮೂಟೆ ಅಕ್ಕಿ ಅಂತ ಸೇರಿಸ್ಕೊಂಡುಬಿಡ್ತಾನೇನೋ?"

"ಖಾಲಿ ಬಿಟ್ರೆ ಯಾರಾದ್ರೂ ಏನಾದ್ರೂ ಬರೀತಾರಮ್ಮ" ಎನ್ನುತ್ತಿದ್ದರು ಚಂದ್ರಮೌಳಿ. ಅವರು ನಗುತ್ತಿರಲಿಲ್ಲ.

ನಾಲ್ಕು ದಿನದ ಜ್ವರದಲ್ಲಿ ಅವರು ಹೋದರು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಆಮೇಲೆ ಚೀಟಿ ಬರೆಯುವ ಕೆಲಸ ನನಗೆ ಬಂತು. ನಾನೂ ಕೊನೆಯಲ್ಲಿ ಗೆರೆ ಎಳೆಯುತ್ತಿದ್ದೆ. ಕೊಕ್ಕೆ ಮಾತ್ರ ಬರುತ್ತಿರಲಿಲ್ಲ.

ಎಂಟು ತಿಂಗಳು ಹೀಗೇ ಕಳೆಯಿತು. ನನಗೆ ಆಗ ಇಪ್ಪತ್ತೊಂಬತ್ತು ವರ್ಷ. ಬೆಳಿಗ್ಗೆ ಹಾಲು ಒಲೆಯ ಮೇಲಿಟ್ಟು, ಅದು ಉಕ್ಕುವುದನ್ನು ನೋಡುತ್ತ ನಿಂತು, ಉಕ್ಕಿದ ಮೇಲೆ ಒಲೆ ಆರಿಸುತ್ತಿದ್ದೆ. ಅತ್ತೆ ಏನೂ ಅನ್ನದೆ ಒಲೆ ಒರೆಸುತ್ತಿದ್ದರು. ಒಂದು ದಿನ ಅವರು ಪಕ್ಕದ ಮನೆಯ ಮೇಷ್ಟರಿಂದ ಒಂದು ಅರ್ಜಿ ಫಾರಂ ತರಿಸಿ ನನ್ನ ಮುಂದಿಟ್ಟರು. ಊರಿನ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನ ಕಲಿಸುವ ಒಂದು ವರ್ಷದ ತರಗತಿ. ಮೂವತ್ತು ಸೀಟು. ಮುಗಿಸಿದವರನ್ನು ಹೈಸ್ಕೂಲುಗಳು ಕರೆದು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದವು.

"ನನಗೆ ಬೇಡ ಅತ್ತೆ" ಎಂದೆ.

"ನಿನಗೆ ಏನು ಬೇಕು ಹೇಳು? ಊಟ ಬೇಡ, ನಿದ್ದೆ ಬೇಡ. ಬೇಡ ಅನ್ನೋದನ್ನಾದ್ರೂ ಸ್ವಲ್ಪ ಜೋರಾಗಿ ಹೇಳೇ, ಕೇಳೋಣ. ಇಬ್ರೂ ಹಿಂಗೇ ಗೋಡೆ ನೋಡ್ಕೊಂಡು ಕೂತ್ರೆ ಗೋಡೆಗೇ ಬೇಜಾರಾಗತ್ತೆ."

ಅವರು ದನಿ ತಗ್ಗಿಸಿದರು. "ನಿಮ್ಮಣ್ಣ ಮತ್ತೆ ಕಾಗದ ಬರೆದಿದಾನೆ. ಕರ್ಕೊಂಡು ಹೋಗ್ತೀನಿ ಅಂತ. ಹೋಗ್ತೀಯಾ? ಅವನ ಹಜಾರದಲ್ಲಿ ಕೂತು ಅವನ ಮಕ್ಕಳ ತಲೆ ಬಾಚ್ತೀಯಾ, ಇಡೀ ಆಯುಷ್ಯ?"

ಅಣ್ಣ ಕೆಟ್ಟವನಲ್ಲ. ಅತ್ತಿಗೆಯೂ ಕೆಟ್ಟವಳಲ್ಲ. ಆದರೂ ಆ ಹಜಾರ ನನ್ನ ಕಣ್ಣೆದುರು ಬಂತು. ನಾನು ಪೆನ್ನು ತೆಗೆದುಕೊಂಡೆ.

ಹದಿಮೂರು ಕಾಲಂ ತುಂಬಿಸಿದೆ. ಹದಿನಾಲ್ಕನೆಯದರಲ್ಲಿ ಹೀಗೆ ಅಚ್ಚಾಗಿತ್ತು: "ಹಿಂದೆ ಓದಿದ ಯಾವುದೇ ಸಂಸ್ಥೆಯಲ್ಲಿ ನಿಮ್ಮ ಮೇಲೆ ಶಿಸ್ತುಕ್ರಮ ಜರುಗಿದೆಯೇ? ಹೌದಾದಲ್ಲಿ ವಿವರ ನೀಡಿ." ಕೆಳಗೆ ನಾಲ್ಕು ಸಾಲಿನಷ್ಟು ಜಾಗ ಬಿಟ್ಟಿದ್ದರು.

ಪೆನ್ನು ಕೆಳಗಿಟ್ಟೆ.

ಬಿ.ಎ. ಕೊನೆಯ ವರ್ಷದಲ್ಲಿ ನಾನು ಮೊದಲ ಸ್ಥಾನಕ್ಕಾಗಿ ಓದುತ್ತಿದ್ದೆ. ಕಾಲೇಜಿನ ಗ್ರಂಥಾಲಯದಲ್ಲಿ ಚರಿತ್ರೆಯ ಒಂದು ದಪ್ಪ ಪುಸ್ತಕವಿತ್ತು, ಒಂದೇ ಪ್ರತಿ. ಮನೆಗೆ ಕೊಡುತ್ತಿರಲಿಲ್ಲ, ಅಲ್ಲೇ ಕೂತು ಓದಬೇಕು. ಪರೀಕ್ಷೆಗೆ ಖಂಡಿತ ಬರುವ ಪ್ರಶ್ನೆಗೆ ಉತ್ತರ ಅದರ ಹನ್ನೊಂದು ಹಾಳೆಗಳಲ್ಲಿತ್ತು. ಒಂದು ಮಧ್ಯಾಹ್ನ, ಪೆನ್ಸಿಲ್ ಚೂಪು ಮಾಡಲು ಇಟ್ಟುಕೊಂಡಿದ್ದ ಅರ್ಧ ಬ್ಲೇಡಿನಿಂದ, ಹೊಲಿಗೆಯ ಪಕ್ಕದಲ್ಲೇ ಆ ಹನ್ನೊಂದು ಹಾಳೆಗಳನ್ನು ಕುಯ್ದು ನೋಟ್‌ಬುಕ್ಕಿನೊಳಗೆ ಸೇರಿಸಿಕೊಂಡು ಬಂದೆ. ಮನೆಯಲ್ಲಿ ಕೂತು ಓದುವ ಆಸೆಯಿಂದ ಮಾಡಿದೆ ಎಂದರೆ ಅರ್ಧ ನಿಜ. ಬೇರೆಯವರು ಓದಬಾರದು ಎಂದೂ ಮಾಡಿದ್ದೆ.

ಹನ್ನೆರಡನೆಯ ಹಾಳೆ ನನ್ನನ್ನು ಹಿಡಿದುಕೊಟ್ಟಿತು. ಬ್ಲೇಡು ಅದರ ಮೇಲೂ ಉದ್ದಕ್ಕೆ ಗೀರಿತ್ತು. ಮರುದಿನ ಪುಸ್ತಕ ಕೇಳಿದ ಹುಡುಗಿ ಆ ಗೀರು ನೋಡಿ ಹಿಂದಿನ ಪುಟ ಹುಡುಕಿದಳು. ಓದಲು ಪಡೆದವರ ರುಜುಗಳಲ್ಲಿ ಕೊನೆಯದು ನನ್ನದು.

ಒಂದು ತಿಂಗಳು ಅಮಾನತು ಮಾಡಿದರು. ಆದೇಶವನ್ನು ನೋಟಿಸ್ ಬೋರ್ಡಿಗೆ ಹಚ್ಚಿದರು. ನಮ್ಮ ಕಾಲೇಜಿನಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಪುಸ್ತಕ ಕೆಡಿಸಿದವರು ತಾವೇ ಕೂತು ಅದನ್ನು ಸರಿಮಾಡಿಕೊಡಬೇಕು. ಆಫೀಸಿನ ಎದುರಿನ ಮೊಗಸಾಲೆಯ ಬೆಂಚಿನ ಮೇಲೆ, ಮೈದಾ ಅಂಟಿನ ಬಟ್ಟಲು ಇಟ್ಟುಕೊಂಡು, ತೆಳುವಾದ ಕಾಗದದ ಪಟ್ಟಿಗಳಿಂದ ಹಾಳೆಗಳನ್ನು ಒಂದೊಂದಾಗಿ ಪುಸ್ತಕಕ್ಕೆ ಅಂಟಿಸಿದೆ. ಒಂದು ಒಣಗುವ ತನಕ ಇನ್ನೊಂದು ಮುಟ್ಟುವಂತಿರಲಿಲ್ಲ. ಮೂರು ದಿನ ಹಿಡಿಯಿತು. ಹೋಗಿಬರುವವರೆಲ್ಲ ನೋಡುತ್ತಿದ್ದರು. ನಾನು ತಲೆ ಎತ್ತಲಿಲ್ಲ. ಕಾಲೇಜಿನವರು ಕರೆಸಿದ್ದ ಅಪ್ಪ ಬಂದು, ಬೈಯದೆ, ಬೆಂಚಿನ ಆ ತುದಿಯಲ್ಲಿ ಅರ್ಧ ಗಂಟೆ ಕೂತು ಎದ್ದುಹೋದರು.

ಇದನ್ನು ನಾನು ಮದುವೆಯಾದ ಮೇಲೆ ಗಂಡನಿಗೆ ಹೇಳಲಿಲ್ಲ. ಅವರು ಅದೇ ಕಾಲೇಜಿನಲ್ಲಿ ಕೆಲಸಕ್ಕಿದ್ದರು ಎಂಬುದೇ ನನ್ನ ಭಯ. ಹೆಣ್ಣು ನೋಡಲು ಬಂದ ದಿನ, "ನೀವು ಓದಿದ ಕಾಲೇಜೇ. ನೀವು ಬಿಟ್ಟ ಮೇಲೆ ನಾನು ಸೇರಿದ್ದು" ಎಂದಿದ್ದರು. ಆ ಮಾತು ಕೇಳಿ ನನಗೆ ಉಸಿರು ಬಂದಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ, "ಈಗಲೂ ಓದ್ತೀರಾ?" ಕಡಿಮೆ ಎಂದೆ. ಆರು ವರ್ಷ ನಾನು ಎಚ್ಚರದಿಂದಿದ್ದೆ. ಕಾಲೇಜಿನ ಹಳಬರು ಯಾರಾದರೂ ಮನೆಗೆ ಬಂದರೆ ಕಾಫಿ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದೆ. ಒಮ್ಮೆ ಹಳೆಯ ಕ್ಯಾಲೆಂಡರಿನ ಚಿತ್ರವನ್ನು ಕತ್ತರಿಸುತ್ತ ಕೂತಿದ್ದಾಗ ಅವರು ಹಿಂದಿನಿಂದ ಬಂದು, "ನಿನ್ನ ಕೈಗೆ ಬ್ಲೇಡು ಕೊಡಬಾರದು" ಎಂದರು. ಬ್ಲೇಡು ಕೆಳಗಿಟ್ಟೆ. ಅವರು ಮುಂದುವರಿಸಿದರು, "ಹೋದ ವಾರ ಬೆರಳು ಕುಯ್ಕೊಂಡಿದ್ದೆಯಲ್ಲ." ನಾನು ನಕ್ಕೆ. ಆ ದಿನ ತಪ್ಪಿತು ಎಂದುಕೊಂಡೆ.

ಅರ್ಜಿಯ ಜೊತೆ ವರ್ಗಾವಣೆ ಪತ್ರ, ಎಂದರೆ ಟಿ.ಸಿ., ಲಗತ್ತಿಸಬೇಕಿತ್ತು. ಅಪ್ಪ ಕೊಟ್ಟ ಹಳೆಯ ಫೈಲಿನಲ್ಲಿ ಅದು ಹಾಗೇ ಮಡಚಿಕೊಂಡಿತ್ತು. ಅದನ್ನು ಪಡೆದ ದಿನ ಚೆನ್ನಾಗಿ ನೆನಪಿದೆ. ಆಫೀಸಿನ ಕಿಟಕಿಯ ಮುಂದೆ ನಿಂತಿದ್ದೆ. ಒಳಗಿನಿಂದ ಒಂದು ಕೈ ಕಾಗದ ಚಾಚಿತು. ಮುಖವನ್ನು ನಾನು ನೋಡಲಿಲ್ಲ. ಆ ದಿನಗಳಲ್ಲಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಷರಾ ಎಂಬ ಕಾಲಂ ಒಂದನ್ನೇ ನೋಡಿದೆ. ಅಮಾನತಿನ ವಿಷಯ ಬರೆಯಬೇಕಾದ ಜಾಗ ಅದು. ಅಲ್ಲಿ ಒಂದು ಅಕ್ಷರವೂ ಇರಲಿಲ್ಲ, ಬರೀ ಒಂದು ಗೆರೆ. ಪ್ರಿನ್ಸಿಪಾಲರು ಕರುಣೆ ತೋರಿಸಿದರು ಎಂದುಕೊಂಡು ಮಡಚಿದವಳು ಮತ್ತೆ ಬಿಚ್ಚಿರಲಿಲ್ಲ.

ಈಗ ಬಿಚ್ಚಿದೆ. ಗೆರೆ ಬಲಗಡೆಯ ಮೇಲಿನ ಮೂಲೆಯಿಂದ ಎಡಗಡೆಯ ಕೆಳಗಿನ ಮೂಲೆಗೆ ಇಳಿದಿತ್ತು. ಕೊನೆಯಲ್ಲಿ ಸಣ್ಣ ಕೊಕ್ಕೆ.

ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಒಳಗಿನಿಂದ ಅತ್ತೆ, "ಅನ್ನ ಸೀದುಹೋಗ್ತಿದೆ ಕಣೇ" ಎಂದು ಎರಡು ಸಲ ಕೂಗಿದರಂತೆ.

ಮರುದಿನ ಕಾಲೇಜಿಗೆ ಹೋದೆ. ಹೆಡ್ ಗುಮಾಸ್ತರಾದ ವೀರಭದ್ರಯ್ಯನವರು ನನ್ನ ಗಂಡನಿಗೆ ಕೆಲಸ ಕಲಿಸಿದವರು. ಕುರ್ಚಿ ಎಳೆದು ಕೂರಿಸಿದರು. ಪಕ್ಕದ ಮೇಜು ಖಾಲಿ ಇತ್ತು. ಅದರ ಮೇಲಿನ ಗೋಡೆಗೆ ನನ್ನ ಗಂಡನ ಚಿತ್ರ ಹಾಕಿದ್ದರು. ಅದರ ಹೂವಿನ ಹಾರ ಆ ಬೆಳಗಿನದು.

ನಾನು ಟಿ.ಸಿ. ಮುಂದಿಟ್ಟು, "ಇದನ್ನ ಬರೆದೋರು ಅವರೇನಾ ಸಾರ್?" ಎಂದೆ.

ವೀರಭದ್ರಯ್ಯ ಕನ್ನಡಕ ತೆಗೆದು ಒರೆಸಿದರು. "ಅಂತೂ ಇವತ್ತು ಕೇಳಿದ್ರಿ" ಎಂದು ಎದ್ದು, ಬೀರುವಿನಿಂದ ದಾರ ಕಟ್ಟಿದ ಒಂದು ಪುಸ್ತಕ ತಂದರು. ಟಿ.ಸಿ. ಪುಸ್ತಕದ ಪ್ರತಿ ಹಾಳೆಗೂ ಎರಡು ಭಾಗ. ಬಲಗಡೆಯದನ್ನು ಹರಿದು ವಿದ್ಯಾರ್ಥಿಗೆ ಕೊಡುತ್ತಾರೆ, ಎಡಗಡೆಯದು ಆಫೀಸಿನಲ್ಲಿ ಉಳಿಯುತ್ತದೆ. ಎರಡರಲ್ಲೂ ಒಂದೇ ವಿಷಯ ಇರಬೇಕು. ನನ್ನ ಹಾಳೆಯ ಎಡಭಾಗವನ್ನು ಅವರು ನನ್ನ ಕಡೆ ತಿರುಗಿಸಿದರು.

ಷರಾ ಕಾಲಂನಲ್ಲಿ ನನ್ನ ಗಂಡನ ಗುಂಡಗಿನ ಅಕ್ಷರಗಳಿದ್ದವು: "ಗ್ರಂಥಾಲಯದ ಪುಸ್ತಕದ ಹನ್ನೊಂದು ಹಾಳೆ ಕತ್ತರಿಸಿದ ಕಾರಣ ಒಂದು ತಿಂಗಳು ಅಮಾನತು. ಹಾಳೆಗಳನ್ನು ಮೂರು ದಿನ ಕೂತು ಅಂದವಾಗಿ ಅಂಟಿಸಿಕೊಟ್ಟಿರುತ್ತಾರೆ." ಅದರ ಕೆಳಗೆ, ಉಳಿದ ಜಾಗಕ್ಕೆ, ಗೆರೆ.

"ಅಂದವಾಗಿ ಅಂತ ಬರೆಯೋದಕ್ಕೆ ಯಾವ ರೂಲ್ಸಿನಲ್ಲೂ ಇಲ್ಲ" ಎಂದರು ವೀರಭದ್ರಯ್ಯ. "ಆಗ ಅವನು ಸೇರಿ ನಾಲ್ಕು ತಿಂಗಳು. ನೀವು ಬೆಂಚಿನ ಮೇಲೆ ಅಂಟು ಹಚ್ತಾ ಕೂತಿದ್ರಲ್ಲ, ಎದುರಿನ ಕಿಟಕಿಯೊಳಗೇ ಅವನ ಮೇಜು. ಪ್ರಿನ್ಸಿಪಾಲ್ ಸಾಹೇಬರು ಕಟ್ಟುಗಟ್ಟಲೆ ರುಜು ಮಾಡೋರು, ನೋಡ್ಲಿಲ್ಲ. ನಾನು ನೋಡ್ದೆ. ಏನಯ್ಯಾ ಮೌಳಿ, ಇಲ್ಲೊಂದು ಅಲ್ಲೊಂದು ಬರೆದಿದೀಯ ಅಂದೆ. 'ಆಫೀಸಿಗೆ ಗೊತ್ತಿದ್ರೆ ಸಾಲದಾ ಸಾರ್, ಅವರು ಹೋದಲ್ಲೆಲ್ಲ ಯಾಕೆ ಹೊತ್ಕೊಂಡು ಹೋಗ್ಬೇಕು' ಅಂದ. ಬೈದೆ. ಆಮೇಲೆ ಸುಮ್ಮನಾದೆ."

"ನಾನು ಬಿಟ್ಟ ಮೇಲೆ ಸೇರಿದ್ದು ಅಂದಿದ್ರು. ನನಗೆ ಒಂದು ದಿನವೂ ನಿಜ ಹೇಳ್ಲಿಲ್ಲ."

"ನೀವು ಹೇಳಿದ್ರಾ?"

ನಾನು ಚೀಲದಿಂದ ಫಾರಂ ತೆಗೆದೆ. ಹದಿನಾಲ್ಕನೆಯ ಕಾಲಂ ತೋರಿಸಿದೆ. ಅವರು ಓದಿ, ಫಾರಂ ನನ್ನ ಕಡೆಗೇ ತಳ್ಳಿದರು.

"ಇಲ್ಲ ಅಂತ ಬರೀರಿ, ಮುಗೀತು. ಯೂನಿವರ್ಸಿಟಿಯವರು ನಮಗೆ ಕಾಗದ ಹಾಕ್ತಾರೆ, ಈ ಟಿ.ಸಿ. ನೀವು ಕೊಟ್ಟಿದ್ದೇನಾ ಅಂತ. ಹೌದು ಅಂತೀನಿ. ಅಷ್ಟೇ ಕೇಳೋದು ಅವರು. ಆದರೆ ನೀವೇ ಹೌದು ಅಂತ ಬರೆದ್ರೆ ಎರಡೂ ಭಾಗ ತಾಳೆ ನೋಡ್ತಾರೆ. ತಪ್ಪು ಯಾರದು ಅಂತ ಬರತ್ತೆ. ಅವನ ಸರ್ವಿಸ್ ಪುಸ್ತಕದಲ್ಲಿ ಷರಾ ಬರೀಬೇಕಾಗತ್ತೆ." ಗೋಡೆಯ ಕಡೆ ನೋಡಿದರು. "ಇಷ್ಟು ವರ್ಷದಲ್ಲಿ ಅವನ ಪುಸ್ತಕದಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲ. ಹೋದವನ ಮೇಲೆ ಅದನ್ನ ಬರೆಯೋ ಕೆಲಸ ನನಗೆ ಕೊಡಬೇಡೀಮ್ಮ."

ಹೊರಗೆ ಬಂದೆ. ಆ ಬೆಂಚು ಇನ್ನೂ ಅಲ್ಲೇ ಇತ್ತು. ಅದರ ಮೇಲೆ ಇಬ್ಬರು ಹುಡುಗಿಯರು ಕೂತು ಕಡಲೆಕಾಯಿ ತಿನ್ನುತ್ತಿದ್ದರು. ನಾನು ಬೆಂಚಿನ ಪಕ್ಕ ನಿಂತು ಕಿಟಕಿಯ ಕಡೆ ನೋಡಿದೆ. ಅಲ್ಲಿಂದ ಇಲ್ಲಿಗೆ ಹತ್ತು ಹೆಜ್ಜೆಯೂ ಇರಲಿಲ್ಲ.

ಮನೆಗೆ ನಡೆದು ಬರುತ್ತ, ಇಲ್ಲ ಎಂದು ಬರೆಯುವುದೇ ಸುಲಭ ಎಂದು ಎರಡು ಮೂರು ಸಲ ಅಂದುಕೊಂಡೆ. ಆದರೆ ಮುಚ್ಚಿಡುವುದಕ್ಕೂ ಕಸುವು ಬೇಕು. ಆರು ವರ್ಷ ಅದನ್ನು ಯಾರಿಂದ ಮುಚ್ಚಿಟ್ಟಿದ್ದೆನೋ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಇನ್ನು ಯಾರಿಗಾಗಿ ಹೊಸದಾಗಿ ಶುರುಮಾಡಲಿ ಎನ್ನಿಸಿತು. ಉಳಿದದ್ದು ಅವರ ಹೆಸರು. ಅದು ನನ್ನೊಬ್ಬಳದಲ್ಲ.

ಅತ್ತೆ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಎದುರು ಕೂತು ಹೇಳಿದೆ.

"ಅತ್ತೆ, ಕಾಲೇಜಿನಲ್ಲಿದ್ದಾಗ ನಾನೊಂದು ಪುಸ್ತಕ ಹರಿದಿದ್ದೆ. ನನ್ನನ್ನ ಒಂದು ತಿಂಗಳು ಹೊರಗೆ ಹಾಕಿದ್ರು."

ಅತ್ತೆ ಸೊಪ್ಪಿನಿಂದ ಕಣ್ಣು ತೆಗೆಯಲಿಲ್ಲ. "ಹರಿದಿದ್ದಾ? ಕುಯ್ದಿದ್ದು ಅಂದಿದ್ನಲ್ಲ ಅವನು."

"ನಿಮಗೆ ಗೊತ್ತಿತ್ತಾ?" ಎಂದೆ.

"ನಿನ್ನ ನೋಡ್ಕೊಂಡು ಬಂದ ದಿನವೇ ಹೇಳ್ದ. ನಾಳೆ ಬೇರೆಯೋರು ಬಂದು ಉಪ್ಪುಖಾರ ಹಚ್ಚಿ ಹೇಳೋ ಮುಂಚೆ ನನ್ನಿಂದ ಕೇಳ್ಬಿಡಮ್ಮ ಅಂತ. ಅವಳಾಗೇ ಹೇಳೋ ತನಕ ನೀನು ಬಾಯಿ ಬಿಡ್ಬೇಡ ಅಂತ ಆಣೆ ಬೇರೆ ಹಾಕಿದ್ದ. ನೀನೋ, ಹೇಳೋದಕ್ಕೆ ಏಳು ವರ್ಷ ತಗೊಂಡೆ." ಕೊಳೆತ ಎಲೆಯೊಂದನ್ನು ಕಿತ್ತು ಎಸೆದರು. "ಅವನ ಗಡ್ಡದ ಬ್ಲೇಡನ್ನ ಮೇಲಿನ ಗೂಡಲ್ಲಿ ಇಟ್ಟಿದ್ದು ಯಾಕೆ ಅಂದ್ಕೊಂಡಿದ್ದೆ?"

ಅದು ತಮಾಷೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ವೀರಭದ್ರಯ್ಯ ಹೇಳಿದ್ದನ್ನೆಲ್ಲ ಹೇಳಿದೆ. ಹೌದು ಎಂದು ಬರೆದರೆ ನಿಮ್ಮ ಮಗನ ಹೆಸರು ಬರುತ್ತದೆ, ತಪ್ಪು ಮಾಡಿದ ಗುಮಾಸ್ತ ಎಂದು ಬರುತ್ತದೆ ಎಂದೆ.

ಅತ್ತೆಯ ಕೈ ನಿಂತಿತು.

"ಎಂಟು ತಿಂಗಳಾಯ್ತು" ಎಂದರು. "ನನ್ನ ಮುಂದೆ ಯಾರೂ ಅವನ ಹೆಸರೇ ಎತ್ತಲ್ಲ. ಅಂಗಡಿಯವನು ಎತ್ತಲ್ಲ, ಪಕ್ಕದ ಮನೆಯೋರು ಎತ್ತಲ್ಲ, ನೀನಂತೂ ಎತ್ತೋದೇ ಇಲ್ಲ. ಹೆಸರು ಬಂದ್ರೆ ಬರ್ಲಿ. ಯಾರಾದ್ರೂ ಒಬ್ರು ಅವನು ಏನು ಮಾಡ್ದ ಅಂತ ಓದ್ಲಿ." ಸೊಪ್ಪನ್ನು ನನ್ನ ಕಡೆ ತಳ್ಳಿ, "ತೊಳಿ, ಮಣ್ಣಿದೆ" ಎಂದರು.

ಫಾರಂನ ನಾಲ್ಕು ಸಾಲಿನ ಜಾಗದಲ್ಲಿ ನಾನು ಮೂರು ಸಾಲು ಬರೆದೆ. ಮಾಡಿದ್ದು, ಆದ ಶಿಕ್ಷೆ, ಕಾಲೇಜಿನ ಪ್ರತಿಯಲ್ಲಿ ಇದರ ಷರಾ ಇದೆ, ನನಗೆ ಕೊಟ್ಟ ಪ್ರತಿಯಲ್ಲಿ ಇಲ್ಲ ಎಂಬುದು. ಉಳಿದ ಒಂದು ಸಾಲಿಗೆ ಗೆರೆ ಎಳೆದೆ.

ಸಂದರ್ಶನದ ಕೋಣೆಯಲ್ಲಿ ಇಬ್ಬರಿದ್ದರು. ವಿಭಾಗದ ಮುಖ್ಯಸ್ಥೆ ಅಂಬುಜಾಕ್ಷಿ ಮೇಡಂ, ಮತ್ತೆ ಕೋಟು ಹಾಕಿದ ಒಬ್ಬ ವಯಸ್ಸಾದ ಸದಸ್ಯರು. ಮೇಡಂ ಫಾರಂ ಎರಡು ಸಲ ಓದಿದರು.

"ಹನ್ನೊಂದು ಹಾಳೆ ಅಂತ ಲೆಕ್ಕ ಇಟ್ಟಿದೀರಲ್ಲ, ಇಷ್ಟು ವರ್ಷ?"

"ನಾನೇ ಅಂಟಿಸಿದ್ದು ಮೇಡಂ."

"ಎಷ್ಟು ಹೊತ್ತು ಹಿಡೀತು?"

"ಮೂರು ದಿನ."

"ಕುಯ್ಯೋದಕ್ಕೆ?"

"ಐದು ನಿಮಿಷ."

ಸದಸ್ಯರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಇಂಥವರ ಕೈಗೆ ನಾಳೆ ಲೈಬ್ರರಿ ಬೀಗದಕೈ ಕೊಡೋದಾ ಮೇಡಂ?"

"ಬೆಳಿಗ್ಗೆಯಿಂದ ಐವತ್ತು ಜನ ಬಂದುಹೋದ್ರು ಸಾರ್. ಒಬ್ಬರೂ ಯಾವ ಪುಸ್ತಕಕ್ಕೂ ಉಗುರು ತಾಗಿಸಿಲ್ಲವಂತೆ. ನಮ್ಮ ಲೈಬ್ರರಿ ಪುಸ್ತಕಗಳನ್ನ ನೋಡಿದ್ರೆ ನನಗೆ ನಂಬಿಕೆ ಬರಲ್ಲ" ಎಂದರು ಮೇಡಂ. ಆಮೇಲೆ ಟಿ.ಸಿ. ಕೈಗೆತ್ತಿಕೊಂಡರು. "ಇಲ್ಲಿ ಬರೀ ಗೆರೆ ಇದೆ. ಎಳೆದೋರು ಯಾರು, ಗೊತ್ತಾ ನಿಮಗೆ?"

"ಚಂದ್ರಮೌಳಿ ಅಂತ."

"ಅವರನ್ನ ಕರೆಸಿ ಕೇಳಬೇಕಾಗುತ್ತೆ."

"ಅವರಿಲ್ಲ ಮೇಡಂ" ಎಂದೆ. "ನನ್ನ ಯಜಮಾನರು."

ಮೇಡಂ ಗೆರೆಯ ಮೇಲೆ ಬೆರಳಿಟ್ಟವರು ತೆಗೆದರು. "ಆಗ ಮದುವೆ ಆಗಿತ್ತಾ?" ಎಂದು ಸದಸ್ಯರು ಕೇಳಿದರು. ಇಲ್ಲ ಸಾರ್, ಆಗ ನಾನು ಅವರ ಮುಖವನ್ನೂ ನೋಡಿರಲಿಲ್ಲ ಎಂದೆ. ಮೇಡಂ ಫಾರಂ ಮಡಚಿದರು. ಹೋಗಬಹುದು ಎಂದರು.

ಹದಿನೈದು ದಿನದ ಮೇಲೆ ಕಾಲೇಜಿನಿಂದ ಒಂದು ಕಾಗದದ ನಕಲು ಬಂತು. ಬೆರಳಚ್ಚು ಮಾಡಿದ ಕಾಗದದ ಕೊನೆಯಲ್ಲಿ ವೀರಭದ್ರಯ್ಯನವರ ಚಿಕ್ಕ ರುಜು ಇತ್ತು. ಸದರಿ ವರ್ಗಾವಣೆ ಪತ್ರದ ಎರಡು ಭಾಗಗಳಲ್ಲಿ ವ್ಯತ್ಯಾಸವಿರುವುದು ನಿಜವೆಂದೂ, ಅದು ಸದರಿ ಗುಮಾಸ್ತರ ಕರ್ತವ್ಯಲೋಪವೆಂದೂ, ಅವರ ಸೇವಾ ಪುಸ್ತಕದಲ್ಲಿ ನಮೂದಿಸಲಾಗಿದೆಯೆಂದೂ, ಸದರಿಯವರು ಮೃತಪಟ್ಟಿರುವುದರಿಂದ ವಿಷಯವನ್ನು ಮುಕ್ತಾಯಗೊಳಿಸಲಾಗಿದೆಯೆಂದೂ ಇತ್ತು. ಅತ್ತೆಗೆ ಓದಿಹೇಳಿದೆ. ಅವರು ಇನ್ನೊಂದು ಸಲ ಓದಿಸಿ, ಕಾಗದವನ್ನು ಇಸಿದುಕೊಂಡು ದೇವರ ಗೂಡಿನ ಪಕ್ಕ ಇಟ್ಟರು. ಆಮೇಲೊಮ್ಮೆ ಪೇಟೆಯಲ್ಲಿ ವೀರಭದ್ರಯ್ಯ ಎದುರಿಗೆ ಬಂದರು. ನನ್ನನ್ನು ಕಂಡವರು ರಸ್ತೆ ದಾಟಿ ಆ ಬದಿಗೆ ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಬರೆಯಬೇಡ ಎಂದದ್ದನ್ನು ನಾನು ಅವರ ಕೈಯಿಂದಲೇ ಬರೆಸಿದ್ದೆ.

ಸೀಟು ಸಿಕ್ಕವರ ಪಟ್ಟಿಯಲ್ಲಿ ನನ್ನ ಹೆಸರು ಇಪ್ಪತ್ತೊಂಬತ್ತನೆಯದು. ಮೇಲಿನಿಂದ ಓದುತ್ತ ಬಂದ ನಾನು ಇಪ್ಪತ್ತರ ಹೊತ್ತಿಗೆ ಅಣ್ಣನ ಹಜಾರ ನೋಡುತ್ತಿದ್ದೆ. ಹೆಸರು ಕಂಡಾಗ ಸಂತೋಷವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕಾಲು ನೋಯುತ್ತಿತ್ತು. ಅಲ್ಲೇ ಮೆಟ್ಟಿಲ ಮೇಲೆ ಕೂತು, ಬಹಳ ಹೊತ್ತಿನ ಮೇಲೆ ಎದ್ದೆ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ನನ್ನ ಮುಖ ನೋಡಿ ಅವರಿಗೆ ಏನೂ ತಿಳಿಯಲಿಲ್ಲವಂತೆ. "ಬಾಯಿ ಬಿಟ್ಟು ಹೇಳೇ" ಎಂದರು. ಹೇಳಿದೆ. ಅವರು ಸೆರಗಿನಿಂದ ಮೂಗು ಒರೆಸಿಕೊಂಡು, "ಸರಿ, ಚೀಟಿ ಬರಿ. ಸಾಮಾನು ಮುಗಿದಿದೆ" ಎಂದು ಒಳಗೆ ಹೋದರು.

ಅಕ್ಕಿ, ತೊಗರಿಬೇಳೆ, ಸಾಸಿವೆ, ಬಟ್ಟೆ ಸೋಪು ಎಂದು ಬರೆದೆ. ಕೆಳಗೆ ಅರ್ಧ ಕಾಗದ ಉಳಿಯಿತು. ಗೆರೆ ಎಳೆಯಲು ಬಲಗಡೆಯ ಮೂಲೆಗೆ ಪೆನ್ನು ಇಟ್ಟವಳು ಹಾಗೇ ಕೂತೆ. ಅಷ್ಟರಲ್ಲಿ ಅತ್ತೆ ಬಂದು ಬಗ್ಗಿ ನೋಡಿ, "ತಾ ಇಲ್ಲಿ" ಎಂದು ಪೆನ್ನು ಕಿತ್ತುಕೊಂಡರು. ಮೂರನೆಯ ಕ್ಲಾಸಿಗೇ ಶಾಲೆ ಬಿಟ್ಟವರು. ಒಂದೊಂದು ಅಕ್ಷರಕ್ಕೂ ಉಸಿರು ಬಿಗಿಹಿಡಿದು, ಸೋಪಿನ ಕೆಳಗೆ, ದೊಡ್ಡದಾಗಿ ಬೆಲ್ಲ ಎಂದು ಬರೆದರು.

ಅವರು ಹೋದಾಗಿನಿಂದ ನಮ್ಮ ಮನೆಗೆ ಬೆಲ್ಲ ಬಂದಿರಲಿಲ್ಲ.

ನಾನು ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡೆ. ಬೆಲ್ಲದ ಕೆಳಗೆ ಇನ್ನೂ ನಾಲ್ಕು ಬೆರಳಿನಷ್ಟು ಬಿಳಿ ಉಳಿದಿತ್ತು.